ಒಂದೇ ದಿನದಲ್ಲಿ ಹವಳದ ದ್ವೀಪ: ವಳಸಂಗದವರಿಗೊಂದು ಕೈಪಿಡಿ

ಈ ಕೈಪಿಡಿಯನ್ನು ಬಸ್ಸು ಹತ್ತುವ ಮೊದಲೇ ಓದಿ ಮುಗಿಸಿ. ಹತ್ತಿದ ಮೇಲೆ ಓದಲು ಕೂತರೆ, ಸಮುದ್ರದಲ್ಲಿ ಆಗಬೇಕಾದ ವಾಂತಿ ಅಥಣಿಯ ಹತ್ತಿರವೇ ಆಗಿಹೋಗುತ್ತದೆ.

ಬೇಕಾಗುವ ಸಾಮಾನು

ಮೊದಲನೆಯದಾಗಿ ಒಂದು ದ್ವೀಪ. ಇದು ವಳಸಂಗದಲ್ಲಿ ಸಿಗುವುದಿಲ್ಲ. ಜತ್ತದ ಸಂತೆಯಲ್ಲೂ ಕೇಳಬೇಡಿ, ನಗುತ್ತಾರೆ. ನಮ್ಮ ತಾಲೂಕಿನಲ್ಲಿ ಸುತ್ತಲೂ ಜನ ನೆರೆದು ನಡುವೆ ನೀರು ಕಾಣಿಸುವುದು ಟ್ಯಾಂಕರ್ ಬಂದಾಗ ಮಾತ್ರ. ನೆಲದ ಸುತ್ತ ನೀರು ನಿಂತದ್ದನ್ನು ನೋಡಬೇಕಾದರೆ ಪಡುವಣಕ್ಕೆ ಹೋಗಲೇಬೇಕು.

ದ್ವೀಪ ಆರಿಸುವಾಗ ಹುಷಾರು. ಅಸಲಿ ಹವಳದ ದ್ವೀಪವೆಂದರೆ ಲಕ್ಷದ್ವೀಪ. ಅದಕ್ಕೆ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗೋ ವಿಮಾನವೋ ಹಿಡಿಯಬೇಕು. ಒಂದು ದಿನದ ಮಾತು ಅಲ್ಲಿಗೇ ಮುಗಿಯಿತು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪ ಚೆಲುವೆ ಹೌದು, ಆದರೆ ಅಲ್ಲಿರುವುದು ಲಾವಾ ಆರಿ ಕಂಬಕಂಬವಾಗಿ ನಿಂತ ಕಲ್ಲು. ಲಾವಾ ಕಲ್ಲು ನೋಡಲು ನಾವು ಅಷ್ಟು ದೂರ ಹೋಗಬೇಕಿಲ್ಲ. ವಳಸಂಗದಲ್ಲಿ ಬಾವಿ ತೋಡಿಸಿದವರಿಗೆಲ್ಲ ಅದರ ಪರಿಚಯ ಇದ್ದೇ ಇದೆ, ಸುರಂಗ ಹಾರಿಸಿದ ಬಿಲ್ಲಿನ ಸಮೇತ.

ಉಳಿದದ್ದು ಎರಡು. ಒಂದು ಮಾಲವಣ. ನಮ್ಮದೇ ಮಹಾರಾಷ್ಟ್ರ ರಾಜ್ಯ, ಹಾದಿಯೂ ಕಡಿಮೆ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ತೊಡಗಿದ ಸಿಂಧುದುರ್ಗದ ಸುತ್ತಲ ನೀರಿನಲ್ಲೇ ಹವಳವಿದೆ. 1987ರಿಂದ ಅದು ಸಮುದ್ರಜೀವಿಗಳ ಅಭಯಾರಣ್ಯ. ಇನ್ನೊಂದು ನೇತ್ರಾಣಿ. ಕರ್ನಾಟಕದ ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೊಮೀಟರ್ ಕಡಲೊಳಗಿರುವ ಕಡಿದಾದ ಬಂಡೆ, ಅದರ ಬುಡಕ್ಕೆ ಹವಳ. ಪುನೀತ್ ರಾಜಕುಮಾರ್ ‘ಗಂಧದ ಗುಡಿ’ಯಲ್ಲಿ ಇದೇ ನೀರಿಗೆ ಇಳಿದ ಮೇಲೆ ನಮ್ಮ ಹುಡುಗರಿಗೆ ಬೇರೆ ದ್ವೀಪ ಕಣ್ಣಿಗೇ ಬೀಳುವುದಿಲ್ಲ. ಆಧಾರ್ ಕಾರ್ಡು ಮಾಲವಣ ಅನ್ನುತ್ತದೆ, ನಾಲಿಗೆ ನೇತ್ರಾಣಿ ಅನ್ನುತ್ತದೆ. ಈ ಕೈಪಿಡಿ ನಾಲಿಗೆಯ ಪಕ್ಷ. ಮುಳುಗುವ ಭಯವಾದಾಗ ‘ಯಪ್ಪಾ, ಹಿಡೀರಿ!’ ಎಂದು ಕೂಗಿದ್ದು ದೋಣಿಯಲ್ಲಿದ್ದವರಿಗೆ ತಿಳಿಯಬೇಕಷ್ಟೆ.

ಪರರಾಜ್ಯಕ್ಕೆ ಹೋಗುವುದೇ ಎಂದು ಯಾರಾದರೂ ಕೆಣಕಿದರೆ ಈ ಉತ್ತರ ಬಾಯಿಪಾಠ ಮಾಡಿಕೊಳ್ಳಿ: 1948ರಲ್ಲಿ ನಮ್ಮ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ನೇತ್ರಾಣಿಯಿರುವ ಉತ್ತರ ಕನ್ನಡ ಆಗ ಮುಂಬಯಿಯಲ್ಲೇ ಇತ್ತು. 1956ರ ನವೆಂಬರ್ 1ರವರೆಗೆ ವಳಸಂಗಕ್ಕೂ ನೇತ್ರಾಣಿಗೂ ಸರಕಾರ ಒಂದೇ. ಆ ಎಂಟು ವರ್ಷದಲ್ಲಿ ನಮ್ಮ ಹಿರಿಯರು ಯಾರೂ ಹೋಗಿ ಬರಲಿಲ್ಲವಲ್ಲ ಎಂಬುದೊಂದೇ ಬೇಜಾರು.

ಹೊರಡುವುದು

ಅಥಣಿ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಹೊನ್ನಾವರ. ಒಟ್ಟು ನಾನೂರು ಕಿಲೊಮೀಟರಿಗೆ ಮೇಲೆ. ಹೀಗಾಗಿ ‘ಒಂದು ದಿನ’ ಅನ್ನುವುದು ಮುರುಡೇಶ್ವರದಲ್ಲಿ ಬೆಳಗಾದ ಮೇಲೆ ಶುರುವಾಗುತ್ತದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಹೋಗಬೇಡಿ, ದೋಣಿ ಬಿಡುವುದಿಲ್ಲ. ನೀರು ತಿಳಿಯಾಗುವುದು ದೀಪಾವಳಿ ದಾಟಿದ ಮೇಲೆ.

ಬುತ್ತಿಗೆ ಕಟಕ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಸಾಕು. ಆದರೆ ದೋಣಿ ಹತ್ತುವ ದಿನ ಬೆಳಿಗ್ಗೆ ಅರ್ಧ ಹೊಟ್ಟೆ ಉಣ್ಣಿ. ವಾಂತಿಯ ಗುಳಿಗೆಯನ್ನು ದೋಣಿ ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು. ತೆರೆಯ ಮೇಲೆ ಹೊಯ್ದಾಡುತ್ತ ನುಂಗಿದರೆ ಗುಳಿಗೆ ಮೊದಲು ಹೊರಗೆ ಬರುತ್ತದೆ, ಆಮೇಲೆ ರೊಟ್ಟಿ. ಕಣ್ಣು ದೂರದ ದಿಗಂತದ ಮೇಲಿರಲಿ. ಮೊಬೈಲ್ ನೋಡಿದವನ ಗತಿ ಪಕ್ಕದಲ್ಲಿ ಕೂತವರು ಹೇಳಬೇಕು.

ಜೋಡಣೆ

ದೋಣಿಗೆ ಮೊದಲು ಒಂದು ಫಾರ್ಮ್ ಕೊಡುತ್ತಾರೆ, ಇಂಗ್ಲಿಷಿನಲ್ಲಿ. ಆಸ್ತಮಾ ಇದೆಯೇ, ಕಿವಿ ಸೋರುತ್ತದೆಯೇ, ಹೃದಯದ ತೊಂದರೆ ಇದೆಯೇ ಎಂಬ ಪ್ರಶ್ನೆಗಳು. ಎಲ್ಲಕ್ಕೂ ಕಣ್ಣುಮುಚ್ಚಿ ಸಹಿ ಮಾಡಲು ಇದು ಸೊಸೈಟಿ ಸಾಲದ ಕಾಗದವಲ್ಲ. ನಿಜ ಬರೆಯಿರಿ.

ಹವಳ ನೋಡಲು ನೀರೊಳಗೆ ಮುಳುಗಬೇಕು, ಈಜು ಬಾರದಿದ್ದರೂ ನಡೆಯುತ್ತದೆ. ಬೆನ್ನಿಗೆ ಸಿಲಿಂಡರ್, ಬಾಯಿಗೆ ರಬ್ಬರಿನ ತುಂಡು, ಬೆನ್ನ ಹಿಂದೆ ನಿಮ್ಮನ್ನು ಎತ್ತಿ ಹಿಡಿದ ತರಬೇತುದಾರ. ತೊಂದರೆ ಇರುವುದು ಕಣ್ಣು ಮೂಗು ಮುಚ್ಚುವ ಮುಖವಾಡದಲ್ಲಿ, ಅಂದರೆ ಮೀಸೆಯಲ್ಲಿ. ಮುಖವಾಡದ ರಬ್ಬರು ಚರ್ಮಕ್ಕೆ ಬಿಗಿಯಾಗಿ ಕೂರಬೇಕು. ನಡುವೆ ಒಂದು ಕೂದಲಿದ್ದರೂ ನೀರು ಜಿನುಗುತ್ತದೆ. ನಮ್ಮ ಕಡೆಯ ಮೀಸೆಯಲ್ಲಿ ಒಂದೇ ಕೂದಲು ಎಲ್ಲಿರುತ್ತದೆ? ತಜ್ಞರ ಸಲಹೆ ಬೋಳಿಸಿಬಿಡಿ ಎಂದು. ಅದು ಮನೆತನದ ಪ್ರಶ್ನೆಯಾಗುವುದರಿಂದ ಮೇಲ್ದುಟಿಗೆ ವ್ಯಾಸಲೀನ್ ದಪ್ಪಗೆ ಬಳಿದುಕೊಂಡು ಇಳಿಯಿರಿ, ಜಿನುಗಿದ ಉಪ್ಪುನೀರನ್ನು ಪ್ರಸಾದವೆಂದುಕೊಳ್ಳಿ.

ಚಾಲನೆ

ಉಸಿರು ಬಾಯಿಂದಲೇ. ಎಂಥ ಸಂದರ್ಭದಲ್ಲೂ ಉಸಿರು ಕಟ್ಟಿ ಹಿಡಿಯಬೇಡಿ. ಬಾವಿಗೆ ಧುಮುಕುವಾಗ ಕಲಿತ ವಿದ್ಯೆ ಇಲ್ಲಿ ಅಪಾಯ. ಹತ್ತು ಮೀಟರ್ ಕೆಳಗಿಳಿದರೆ ನೀರಿನ ಒತ್ತಡ ಇನ್ನೊಂದು ವಾತಾವರಣದಷ್ಟು ಏರುತ್ತದೆ. ಅಲ್ಲಿ ಎಳೆದ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ, ಬಿಡದೆ ಹಿಡಿದರೆ ಪುಪ್ಪುಸವೇ ಹರಿಯಬಹುದು. ಕಿವಿ ನೊಂದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ‘ಟಪ್’ ಎಂದರೆ ಸರಿಯಾಯಿತು.

ಕೈಸನ್ನೆ ಕಲಿಯದೆ ಇಳಿಯಬೇಡಿ. ಹೆಬ್ಬೆರಳು ಮೇಲೆತ್ತಿದರೆ ಅಲ್ಲಿ ‘ನನ್ನನ್ನು ಮೇಲೆ ಒಯ್ಯಿರಿ’ ಎಂದು ಅರ್ಥ. ನಮ್ಮವರು ಮೊದಲ ಮೀನು ಕಂಡ ಕೂಡಲೇ ಖುಷಿಯಿಂದ ‘ಮಸ್ತ್ ಐತಿ’ ಎಂದು ಹೆಬ್ಬೆರಳು ತೋರಿಸುತ್ತಾರೆ. ತರಬೇತುದಾರ ಮರುಕ್ಷಣ ಮೇಲಕ್ಕೆ ಎಳೆದು ದೋಣಿಗೆ ಹಾಕುತ್ತಾನೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಕನ್ನಡ, ಮರಾಠಿ ಎರಡಕ್ಕೂ ಅಲ್ಲಿ ಕಿಮ್ಮತ್ತಿಲ್ಲ. ಇಷ್ಟು ವರ್ಷದ ಗಡಿ ತಂಟೆಗೆ ಇಂಥದೊಂದು ಪರಿಹಾರವಿದೆ ಎಂದು ಮಹಾಜನ ಆಯೋಗಕ್ಕೂ ಹೊಳೆದಿರಲಿಕ್ಕಿಲ್ಲ.

ಈಗ ನೋಡಿ. ಕಲ್ಲೆಂದು ತಿಳಿದದ್ದರ ಮೇಲೆಲ್ಲ ಸಾಸಿವೆ, ಮೆಂತ್ಯದ ಗಾತ್ರದ ಬಾಯಿಗಳು. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಸುಣ್ಣ ಉಗುಳಿ ಕಟ್ಟಿಕೊಂಡ ಕೇರಿ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಬಿಸಿಲು ಹಿಡಿದು ಅನ್ನ ಬೇಯಿಸುವುದು ಆ ಪಾಚಿಯೇ, ಬಣ್ಣವೂ ಬಹುಪಾಲು ಅದರದೇ. ನೀರು ವಾರಗಟ್ಟಲೆ ಬೇಸಿಗೆಯ ರೂಢಿಗಿಂತ ಒಂದು ಡಿಗ್ರಿ ಹೆಚ್ಚು ಕಾದರೆ ಪಾಚಿ ಮನೆ ಖಾಲಿ ಮಾಡುತ್ತದೆ, ಹವಳ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ, ನೀರು ಬೇಗ ತಣಿಯದಿದ್ದರೆ ಹಸಿದು ಸಾಯುತ್ತದೆ. ಬರ ಬಿದ್ದ ವರ್ಷ ನಮ್ಮ ಓಣಿಗಳು ಕಬ್ಬು ಕಡಿಯಲು ಎದ್ದು ಹೋಗಿ ಬರೀ ಮುದುಕರು ಉಳಿದಂತೆ. ಜಗತ್ತಿನ ಕಡಲುಗಳಲ್ಲೆಲ್ಲ ಏಕಕಾಲಕ್ಕೆ ಇಂಥ ಬಿಳಿಚುವಿಕೆ 1998ರಲ್ಲಿ, 2010ರಲ್ಲಿ, 2014ರಿಂದ 17ರವರೆಗೆ, ಮತ್ತೆ 2023ರಿಂದ ಕಂಡಿತು. ಮೊದಲಿನಷ್ಟು ಬಿಡುವು ಮತ್ತೆ ಸಿಕ್ಕಿಲ್ಲ ಎಂಬುದನ್ನು ಬರಗಾಲದ ಲೆಕ್ಕ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಟ್ಟಬೇಡಿ, ಒದೆಯಬೇಡಿ, ಮೇಲೆ ನಿಲ್ಲಬೇಡಿ. ಗಿಳಿಮೀನು ಹವಳವನ್ನು ಕರಕರ ಕಡಿಯುವ ಸದ್ದು ಕೇಳಿಸಿದರೆ, ಅದಕ್ಕೆ ಪರವಾನಗಿ ಇದೆ ಎಂದುಕೊಳ್ಳಿ.

ದೋಷ ಮತ್ತು ದುರಸ್ತಿ

ದೋಷ: ದ್ವೀಪಕ್ಕೆ ಬಂದರೂ ದ್ವೀಪದ ಮೇಲೆ ಕಾಲಿಡಲು ಬಿಡುತ್ತಿಲ್ಲ. ಇದು ದೋಷವಲ್ಲ, ಪದ್ಧತಿ. ಧಕ್ಕೆಯಿಲ್ಲ, ದಡವಿಲ್ಲ, ನೆಟ್ಟಗೆ ಬಂಡೆ. ನೌಕಾಪಡೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡಿದ ಜಾಗ ಬೇರೆ. ಬಿಳಿಹೊಟ್ಟೆಯ ಕಡಲಹದ್ದುಗಳಿಗೆ ಬಿಟ್ಟುಕೊಟ್ಟು ದೋಣಿಯಲ್ಲೇ ಕೂತಿರಿ.

ದೋಷ: ಬಂಡೆಯ ಮೇಲೆ ಆಡು ಕಂಡಂತಾಯಿತು. ಕಣ್ಣು ಸರಿಯಾಗಿಯೇ ಇದೆ. ಕಾಡುಬಿದ್ದ ಆಡುಗಳು ಅಲ್ಲಿವೆ. ಮಾಡಗ್ಯಾಳದ ಕುರಿಗೆ ಮೂಗಿನ ಡೊಂಕು ನೋಡಿಯೇ ಬೆಲೆ ಕಟ್ಟುವ ತಾಲೂಕಿನವರು ಇಲ್ಲಿ ತಡೆದುಕೊಳ್ಳುವುದು ಕಷ್ಟ. ‘ಇವಕ್ಕ ಕುಡ್ಯಾಕ ನೀರ ಎಲ್ಲೈತ್ರಿ, ತಾಂಡೇಲ್ರ?’ ಎಂದು ಕೇಳಿಯೇ ಕೇಳುತ್ತೀರಿ. ‘ಸಿಹಿನೀರು ಇಲ್ಲ ಮಾರಾಯ್ರೆ. ಆದ್ರೂ ಇದ್ದಾವಲ್ಲ!’ ಎನ್ನುತ್ತಾನೆ ದೋಣಿ ನಡೆಸುವ ತಾಂಡೇಲ. ಸುತ್ತ ಅಷ್ಟು ನೀರು, ಕುಡಿಯಲು ಹನಿಯಿಲ್ಲ, ಆದರೂ ಊರು ಬಿಟ್ಟಿಲ್ಲ. ದೋಣಿಯ ಬೆಂಗಳೂರಿನವರು ಫೋಟೊ ತೆಗೆಯುತ್ತಾರೆ. ನೀವು ಆ ತಳಿಯ ಒಂದು ಹೋತ ಸಿಗುತ್ತದೆಯೇ ಎಂದು ಲೆಕ್ಕ ಹಾಕುತ್ತೀರಿ. ಸಿಗುವುದಿಲ್ಲ.

ದೋಷ: ಸಂಜೆಯೇ ಊರಿಗೆ ಹೊರಡಬೇಕು. ಹೊರಡಬೇಡಿ. ಸಿಲಿಂಡರಿನ ಗಾಳಿ ಉಸಿರಾಡುವಾಗ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಎತ್ತರಕ್ಕೆ ಬೇಗ ಹೋದರೆ ಸೋಡಾ ಬಾಟಲಿ ಬಿಚ್ಚಿದ ಹಾಗೆ ಗುಳ್ಳೆ ಎದ್ದೀತು. ವಿಮಾನ ಹತ್ತಲು 12ರಿಂದ 18 ಗಂಟೆ ತಡೆಯಿರಿ ಎನ್ನುತ್ತಾರೆ. ನಮಗೆ ವಿಮಾನವಿಲ್ಲ, ಅರಬೈಲು ಘಟ್ಟವಿದೆ. ತರಬೇತುದಾರನನ್ನು ಕೇಳದೆ ಘಟ್ಟ ಏರಬೇಡಿ. ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, 123 ಅಡಿಯ ಶಿವನ ದರ್ಶನ ಮಾಡಿ. ಇಲ್ಲಿಗೆ ‘ಒಂದೇ ದಿನ’ ಮೂರು ದಿನವಾಯಿತು; ಶೀರ್ಷಿಕೆ ತಿದ್ದಿಕೊಳ್ಳಿ.

ವಾರಂಟಿ

ಮನೆಗೆ ಬಂದ ಕೂಡಲೇ ಆಯಿ ಕೇಳುತ್ತಾಳೆ, ‘ಹವಳಾ ತಂದಿ?’ ತರಬಾರದು. ಕಡಲಲ್ಲಿ ದಿಬ್ಬ ಕಟ್ಟುವ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯಷ್ಟೇ ರಕ್ಷಣೆ. ಒಂದು ತುಂಡು ಜೇಬಿಗೆ ಹಾಕಿದರೂ ಗುನ್ನೆ. ಆಕೆಯ ಕೊರಳಲ್ಲಿ ಗುಂಡಿನ ನಡುವೆ ಪೋಣಿಸಿದ ಕೆಂಪು ಹವಳ, ಅಸಲಿಯಾಗಿದ್ದರೆ, ಈ ಜಾತಿಯದೇ ಅಲ್ಲ. ಆ ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಕಡಲು. ಇದನ್ನೆಲ್ಲ ವಿವರಿಸಿ ಹೇಳಿ. ಆಕೆ ಪೂರ್ತಿ ಕೇಳಿಸಿಕೊಂಡು, ‘ಅಂದ್ರ, ಕಾಲೂ ಊರ್ಲಿಲ್ಲ, ಕೈಲೂ ಮುಟ್ಲಿಲ್ಲ, ಏನೂ ತರ್ಲಿಲ್ಲ. ಎಷ್ಟ ರೊಕ್ಕಾ ತಗೊಂಡ್ರು?’ ಎನ್ನುತ್ತಾಳೆ. ರಸೀದಿಯನ್ನು ಬುತ್ತಿ ಚೀಲದಲ್ಲಿ ಇಡಬೇಡಿ. ಆ ಚೀಲ ಒಗೆಯುವವಳು ಆಕೆಯೇ.