ಬೇಸಣ್ಣನ ದುಂ ದುಂ ಪುರಾಣ

ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಬೇಸಣ್ಣ ಇರುತ್ತಾನೆ. ಹೆತ್ತವರು ಇಟ್ಟ ಹೆಸರು ಬೇರೆ. ಇದು ಕೆಳಮನೆಯವರು ಇಟ್ಟದ್ದು. ವಯಸ್ಸು 40ರ ಆಸುಪಾಸು, ಮೂರನೇ ಮಹಡಿಯಲ್ಲಿ ಮನೆ, ಅದರ ಮೇಲೊಂದು ಸಾಲ, ಹಾಲ್‌ನ ಮೂಲೆಯಲ್ಲೊಂದು ಕರಿ ಡಬ್ಬ. ಡಬ್ಬದ ಹೆಸರು ಸಬ್‌ವೂಫರ್, ಅದರ ಕೆಲಸ ಬೇಸ್ ಎಂಬ ತಗ್ಗು ಸ್ವರ ಹೊರಡಿಸುವುದು.

ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಬೇಸಣ್ಣ ರಿಮೋಟ್ ಹಿಡಿಯುತ್ತಾನೆ. ‘ಕೆಜಿಎಫ್’ಗೆ ರವಿ ಬಸ್ರೂರು ಕೊಟ್ಟ ಹಿನ್ನೆಲೆ ಸಂಗೀತ ಶುರುವಾಗುತ್ತದೆ. “ಎದೆಗೆ ಗುದ್ದಿದ ಹಾಗಾಯ್ತಾ?” ಎಂದು ಕೇಳುತ್ತಾನೆ. ಹಳೇ ನೆಂಟರು ತಕ್ಷಣ ಹೌದೆನ್ನುತ್ತಾರೆ. ಇಲ್ಲವೆಂದರೆ ಇನ್ನೊಮ್ಮೆ ಹಾಕುತ್ತಾನೆಂದು ಅವರಿಗೆ ಗೊತ್ತು.

ಕೆಳಮನೆ ಅಜ್ಜಿ ಆ ಸಿನಿಮಾ ನೋಡಿಲ್ಲ. ಆದರೆ ಫೈಟ್ ಎಲ್ಲೆಲ್ಲಿ ಬರುತ್ತದೆಂದು ಬಲ್ಲರು. ಅಡುಗೆಮನೆಯ ಸ್ಟೀಲ್ ಡಬ್ಬಗಳ ಮುಚ್ಚಳ ಗಿಲಿಗಿಲಿ ಎಂದು ವರದಿ ಕೊಡುತ್ತವೆ. ಒಂದು ದಿನ ಲಿಫ್ಟ್‌ನಲ್ಲಿ ಸಿಕ್ಕಾಗ ಕೇಳಿದರು:

“ಏನಪ್ಪಾ, ಮನೇಲಿ ಹಿಟ್ಟಿನ ಗಿರಣಿ ಇಟ್ಟಿದ್ದೀಯಾ?”

“ಇಲ್ಲ ಅಜ್ಜಿ, ಅದು ಡಾಲ್ಬಿ.”

“ಡೋಲು ಅಂತ ನಂಗೂ ಗೊತ್ತಾಯ್ತು. ಬಾರಿಸೋದು ಯಾವಾಗ ನಿಲ್ಲಿಸ್ತೀಯ?”

ಅಜ್ಜಿಯ ಕಿವಿ ತಪ್ಪಿರಲಿಲ್ಲ. ಜಾತ್ರೆಯಿಂದ ದೂರ ಹೋದಂತೆ ತಾಳ, ಹಾಡು ಎಲ್ಲ ಕರಗಿ ಡೊಳ್ಳೊಂದೇ ಹಿಂಬಾಲಿಸುವುದಿಲ್ಲವೇ? ಗೋಡೆ ಮಾತನ್ನು ತಡೆದೀತು, ತಗ್ಗು ಸ್ವರವನ್ನು ತಡೆಯುವುದು ಕಷ್ಟ. 50 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದವೇ ಸುಮಾರು 7 ಮೀಟರ್. ಬೇಸಣ್ಣ ದೂರಿಗೆ ಬೆಲೆ ಕೊಟ್ಟು ಎರಡಂಗುಲ ಫೋಮ್, ಅದು ಸಾಲದೆ ಮೊಟ್ಟೆಯ ಟ್ರೇ ತಂದು ಗೋಡೆಗೆ ಅಂಟಿಸಿದ. 7 ಮೀಟರ್ ಅಲೆಗೆ ಎರಡಂಗುಲ ಫೋಮ್ ಎಂದರೆ ಆನೆಗೆ ಸೊಳ್ಳೆಪರದೆ. ಮನೆ ಮಾತ್ರ ಕೋಳಿ ಫಾರಂ ಆಯಿತು.

ಅಸೋಸಿಯೇಷನ್ ಮೀಟಿಂಗಿನಲ್ಲಿ ಅವನ ವಾದವೇ ಬೇರೆ. 2000ರ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬೇಸಣ್ಣ ಅಜ್ಜಿಯ ಹಾಲ್‌ನಲ್ಲೇ ಮೊಬೈಲ್ ಆ್ಯಪ್ ಹಿಡಿದು 42 ತೋರಿಸಿ ಗೆದ್ದ. ಗುಟ್ಟೇನೆಂದರೆ, ನಿಯಮದ ಅಳತೆ ‘ಎ’ ಮಾಪನದ್ದು. ನಮ್ಮ ಕಿವಿ ತಗ್ಗು ಸ್ವರಕ್ಕೆ ಮಂದವೆಂದು ಅದು 50 ಹರ್ಟ್ಸ್ ಬಳಿ ಸುಮಾರು 30 ಡೆಸಿಬಲ್ ರಿಯಾಯಿತಿ ಕೊಡುತ್ತದೆ. ಮುಚ್ಚಳಗಳಿಗೆ ಈ ರಿಯಾಯಿತಿಯ ವಿಷಯ ಯಾರೂ ಹೇಳಿಲ್ಲ.

ಇಷ್ಟೆಲ್ಲ ಮಾಡಿದರೂ ಬೇಸಣ್ಣನಿಗೊಂದು ಕೊರಗು: ಸೋಫಾದಲ್ಲಿ ಕೂತರೆ ಬೇಸ್ ಸಾಲದು! ಅದೂ ನಿಜವೇ. 12 ಅಡಿಯ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ಸ್ವರ ಗೋಡೆಯಿಂದ ಗೋಡೆಗೆ ಪುಟಿದು ಗೋಡೆಯ ಬಳಿ ಉಬ್ಬುತ್ತದೆ, ನಟ್ಟನಡುವೆ ಬತ್ತುತ್ತದೆ. ಬೇಸಣ್ಣನ ಸೋಫಾ ಇರುವುದು ನಟ್ಟನಡುವೆ. ಡಬ್ಬ ಇರುವುದು ಸದ್ದು ಅತಿ ಹೆಚ್ಚು ಉಬ್ಬುವ ಮೂಲೆಯಲ್ಲಿ. ತನಗೆ ಕೇಳಿಸಲಿಲ್ಲವೆಂದು ಅವನು ತಿರುಪು ಏರಿಸುತ್ತಾನೆ, ಅನುಭವಿಸುವವರು ಅಜ್ಜಿ. ದುಡ್ಡು ಇವನದು, ದುಂ ದುಂ ಅವರದು.

ಇದಕ್ಕೆ ತಿಳಿದವರು ಹೇಳುವ ಮದ್ದು ಬಿಟ್ಟಿಯದು, ಆದರೆ ಮಾನ ಬಿಡಬೇಕು. ಸಬ್‌ವೂಫರನ್ನು ಕೂರುವ ಜಾಗದಲ್ಲಿಟ್ಟು, ಹಾಡು ಹಾಕಿ, ಕೋಣೆಯುದ್ದಕ್ಕೂ ಅಂಬೆಗಾಲಿಡುವುದು. ಬೇಸ್ ಎಲ್ಲಿ ಸಮವಾಗಿ ಕೇಳಿಸುತ್ತದೋ ಅಲ್ಲಿ ಡಬ್ಬದ ಪ್ರತಿಷ್ಠಾಪನೆ. ಭಾನುವಾರ ಬೇಸಣ್ಣ ಪಂಚೆ ಎತ್ತಿಕಟ್ಟಿ ಅಂಬೆಗಾಲಿಟ್ಟ. “ಏನು ಬಿದ್ದೋಯ್ತೋ, ನಾನೂ ಹುಡುಕ್ಲಾ?” ಎಂದು ಅವನ ತಾಯಿಯೂ ಕನ್ನಡಕ ಹಾಕಿಕೊಂಡು ಬಂದರು. ಕೊನೆಗೆ ಡಬ್ಬ ಸೋಫಾದ ಪಕ್ಕಕ್ಕೆ ಬಂತು, ಅಡಿಗೊಂದು ದಪ್ಪ ರಬ್ಬರ್ ಹಾಸೂ ಬಂತು. ಕಿವಿಗೆ ಹತ್ತಿರವಾದ್ದರಿಂದ ತಿರುಪು ಅರ್ಧಕ್ಕೆ ಇಳಿಯಿತು.

ಎರಡು ದಿನ ಬಿಟ್ಟು ಅಜ್ಜಿ ಮತ್ತೆ ಲಿಫ್ಟ್‌ನಲ್ಲಿ ಸಿಕ್ಕರು. “ಮನೇಲಿ ಎಲ್ರೂ ಆರೋಗ್ಯವಾಗಿದ್ದೀರಾ? ಸದ್ದೇ ಇಲ್ವಲ್ಲಪ್ಪಾ!”

ನಿಮ್ಮ ಮೇಲಿನ ಮನೆಯಲ್ಲೂ ಬೇಸಣ್ಣ ಇದ್ದರೆ, ಪೊಲೀಸರಿಗೆ ಫೋನ್ ಮಾಡುವ ಮೊದಲು ಡಬ್ಬ ಯಾವ ಮೂಲೆಯಲ್ಲಿದೆ ನೋಡಿಬನ್ನಿ. ಹಗಲಲ್ಲೇ ಹೋಗಿ. ರಾತ್ರಿ ಕಾಲಿಂಗ್ ಬೆಲ್ ಒತ್ತಿದರೆ ಅವನಿಗೆ ಕೇಳಿಸುವುದಿಲ್ಲ.