‘ಏನೂ ಮುಟ್ಟಿಲ್ಲ ಸಾರ್’: ಒಂದು ಸೂತ್ರಕ್ಕೆ ಪೀಣ್ಯ ಭಾಷ್ಯ

ಸೂತ್ರ: “ಏನೂ ಮುಟ್ಟಿಲ್ಲ ಸಾರ್, ಅದಷ್ಟಕ್ಕದೇ ನಿಂತೋಯ್ತು.”

ಸಿಎನ್‌ಸಿ, ಎಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷಿನ್ನುಗಳ, ಶಾಸ್ತ್ರದ ಸಕಲವೂ ಈ ಐದು ಪದಗಳಲ್ಲಿದೆ. ಸೂತ್ರಕಾರ ಯಾರೆಂದು ತಿಳಿಯದು. ಕಾಲನಿರ್ಣಯದಲ್ಲಿ ಮಾತ್ರ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ: ನೈಟ್ ಶಿಫ್ಟು, ಎರಡರಿಂದ ನಾಲ್ಕು ಗಂಟೆಯ ನಡುವೆ. ಕನ್ನಡ ಎಂ.ಎ. ಮುಗಿಸಿ, ಹಳಗನ್ನಡ ವ್ಯಾಕರಣದಲ್ಲಿ ಪಿಎಚ್.ಡಿ. ಮಾಡುವ ಆಸೆ ಇಟ್ಟುಕೊಂಡಿದ್ದ ನಾನು, ‘ಒಂದೆರಡು ತಿಂಗಳು ಬಂದು ಲೆಕ್ಕ ಬರಿ ಬಾರೋ’ ಎಂದ ಅಣ್ಣನ ಮಾತಿಗೆ ಪೀಣ್ಯ ಎರಡನೇ ಹಂತದ ಶೆಡ್ಡಿಗೆ ಬಂದವನು. ಹತ್ತೊಂಬತ್ತು ವರ್ಷವಾಯಿತು. ಶೆಡ್ಡಿನಲ್ಲಿ ಲೇತಿನ ವಂಶದ ಒಂದು ಟರ್ನಿಂಗ್ ಸೆಂಟರ್, ಮಿಲ್ಲಿಂಗಿನ ವಂಶದ ಒಂದು ವಿಎಂಸಿ, ಒಂದು ಕಂಪ್ರೆಸರ್ ಮತ್ತು ನಾನು ಇದ್ದೇವೆ. ಆಗದ ಪಿಎಚ್.ಡಿ.ಯನ್ನು ಈ ಸೂತ್ರದ ಮೇಲಾದರೂ ತೀರಿಸಿಕೊಳ್ಳೋಣವೆಂದು ಈ ಭಾಷ್ಯಕ್ಕೆ ಕೈಹಾಕಿದ್ದೇನೆ.

ಮೊದಲು ಪಾಠಾಂತರಗಳು. ಗದಗ-ಹಾವೇರಿ ಕಡೆಯ ಪ್ರತಿಯಲ್ಲಿ “ಏನೂ ಮುಟ್ಟಿಲ್ರೀ ಸರ, ತಾನ ನಿಂತತಿ” ಎಂದಿದೆ. ಕರಾವಳಿಯ ಪ್ರತಿಯಲ್ಲಿ “ಎಂತ ಮುಟ್ಲಿಲ್ಲ ಮಾರಾಯ್ರೆ, ಅದೇ ನಿಂತದ್ದು.” ಈಚೆಗೆ ಪೀಣ್ಯದಲ್ಲಿ ಹೆಚ್ಚು ಪ್ರಚಾರದಲ್ಲಿರುವುದು “ಕುಛ್ ನಹೀ ಕಿಯಾ ಸಾಬ್, ಅಪ್ನೇ ಆಪ್ ರುಕ್ ಗಯಾ” ಎಂಬ ಉತ್ತರಾದಿ ಪಾಠ. ಮಾತು ಬೇರೆಯಾದರೂ ನಿರಾಕರಣೆಯ ಭಾಗ ಎಲ್ಲ ಪ್ರತಿಗಳಲ್ಲೂ ಅವಿಕೃತವಾಗಿ ಉಳಿದಿರುವುದರಿಂದ ಮೂಲಪಾಠ ಶುದ್ಧವೆಂದೇ ತಿಳಿಯಬೇಕು.

ಪದವಿಚಾರ. ‘ಏನೂ ಮುಟ್ಟಿಲ್ಲ’ ಎಂಬಲ್ಲಿ ಅತಿವ್ಯಾಪ್ತಿ ದೋಷವಿದೆ. ಏನನ್ನೂ ಮುಟ್ಟದಿದ್ದರೆ ಸೈಕಲ್ ಸ್ಟಾರ್ಟ್ ಗುಂಡಿಯನ್ನೂ ಮುಟ್ಟಿಲ್ಲವೆಂದಾಯಿತು. ಹಾಗಾದರೆ ಮಷಿನ್ ಓಡಿದ್ದು ಹೇಗೆ? ‘ಅದಷ್ಟಕ್ಕದೇ’ ಎನ್ನುವುದು ಯಂತ್ರಕ್ಕೆ ಸ್ವಂತ ಇಚ್ಛೆಯುಂಟು ಎಂಬ ದರ್ಶನ. ಅತ್ಯಂತ ಕಠಿಣವಾದದ್ದು ‘ನಿಂತೋಯ್ತು’. ನಿಂತದ್ದು ಹೋಗುವುದು ಹೇಗೆ, ಹೋದದ್ದು ನಿಲ್ಲುವುದು ಹೇಗೆ? ನಾನು ಬಹುಕಾಲ ಚಿಂತಿಸಿ ಕಂಡುಕೊಂಡ ಅನ್ವಯ ಹೀಗಿದೆ: ನಿಂತದ್ದು ಮಷಿನ್, ಹೋದದ್ದು ಡೆಲಿವರಿ ತಾರೀಖು.

ಇತಿಹಾಸ ಹೇಳದಿದ್ದರೆ ಪ್ರಬಂಧವನ್ನು ಯಾರೂ ಪ್ರಬಂಧವೆನ್ನುವುದಿಲ್ಲ; ಬೇಗ ಮುಗಿಸುತ್ತೇನೆ. ಅಮೆರಿಕದ ಮಿಶಿಗನ್ನಿನಲ್ಲಿ ಹೆಲಿಕಾಪ್ಟರಿನ ರೆಕ್ಕೆ ಮಾಡಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತ ಅಂಕಿಗಳಿಂದಲೇ ಮಷಿನ್ ಓಡಿಸುವ ಯೋಚನೆ ಮಾಡಿದ. 1949ರಲ್ಲಿ ಅಲ್ಲಿನ ವಾಯುಪಡೆ ದುಡ್ಡು ಕೊಟ್ಟಿತು, 1952ರಲ್ಲಿ ಎಂಐಟಿಯವರು ಮಿಲ್ಲಿಂಗ್ ಮಷಿನ್ನೊಂದನ್ನು ತೂತು ಹೊಡೆದ ಕಾಗದದ ಪಟ್ಟಿಯಿಂದ ಓಡಿಸಿ ತೋರಿಸಿದರು. ಮರುವರ್ಷ, 1953ರಲ್ಲಿ, ನಮ್ಮಲ್ಲಿ ಎಚ್‌ಎಂಟಿ ಹುಟ್ಟಿತು. 1962ರಲ್ಲಿ ಮಷಿನ್ ಟೂಲ್ ಸಂಶೋಧನೆಯ ಸಿಎಂಟಿಐ ಬಂತು. ಜಾಲಹಳ್ಳಿ, ತುಮಕೂರು ರಸ್ತೆಗಳ ಈ ಗುರುಕುಲಗಳ ನೆರಳಿನಲ್ಲೇ ಪೀಣ್ಯವಿದೆ. ಕಾಗದದ ಪಟ್ಟಿ ಹೋಗಿ ದಶಕಗಳಾದವು, ಅದರ ಆಚಾರ ಉಳಿದಿದೆ. ಪಟ್ಟಿ ಸುತ್ತುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಸುತ್ತಿದ್ದ ಶೇಕಡಾ ಚಿಹ್ನೆ ಇಂದಿಗೂ ಪ್ರೋಗ್ರಾಮಿನ ಆದಿಯಲ್ಲೊಂದು, ಅಂತ್ಯದಲ್ಲೊಂದು ಇರಬೇಕು. ಪೆನ್ ಡ್ರೈವಿನಲ್ಲಿ ಬಂದರೂ ಸರಿಯೇ. ಅದಿಲ್ಲದೆ ಓದುವುದಿಲ್ಲವೆಂದು ಕಂಟ್ರೋಲು ಹಟ ಹಿಡಿದರೆ, ಅದು ಮಂಗಳಶ್ಲೋಕವಿಲ್ಲದ ಕಾವ್ಯವನ್ನು ಕೈಯಲ್ಲಿ ಹಿಡಿಯದ ಪಂಡಿತನ ಹಟ.

ಎರಡನೇ ಸಾಲು ಪ್ರೋಗ್ರಾಮಿನ ಸಂಖ್ಯೆ. ಅದು ಇಂಗ್ಲಿಷಿನ ‘ಓ’ ಅಕ್ಷರದಿಂದ ಶುರುವಾಗಬೇಕು; ನಮ್ಮ ಹುಡುಗರು ಸೊನ್ನೆ ಹಾಕುತ್ತಾರೆ. ತಪ್ಪು ಅವರದೆನ್ನಲಾರೆ. ಕನ್ನಡದಲ್ಲಿ ಅನುಸ್ವಾರಕ್ಕೂ ಸೊನ್ನೆ ಎನ್ನುತ್ತೇವೆ, ಶೂನ್ಯಕ್ಕೂ ಸೊನ್ನೆ ಎನ್ನುತ್ತೇವೆ. ‘ಗಂಗೆ’ ಎಂದು ಬರೆಯುವಾಗ ನಡುವೆ ಅಂಕೆಯ ಸೊನ್ನೆ ಕೂರಿಸಿದರೂ ಓದುವ ಕಣ್ಣಿಗೆ ಗೊತ್ತಾಗುವುದಿಲ್ಲ. ಕಂಟ್ರೋಲಿಗೆ ಗೊತ್ತಾಗುತ್ತದೆ.

ಹಳೆಯ ಟರ್ನಿಂಗ್ ಸೆಂಟರಿಗೆ ಇನ್ನೂ ಆರ್‌ಎಸ್-232 ಕೇಬಲ್ಲಿನಲ್ಲೇ ಪ್ರೋಗ್ರಾಂ ಉಣಿಸಬೇಕು. ಇದು ಸಂಪೂರ್ಣವಾಗಿ ಜಾತಕ ಕೂಡಿಸುವ ಕೆಲಸ. ಬಾಡ್ ರೇಟ್ ಎರಡೂ ಕಡೆ 9600 ಇರಬೇಕು, ಪಾರಿಟಿ ಹೊಂದಬೇಕು, ಸ್ಟಾಪ್ ಬಿಟ್ ಒಪ್ಪಬೇಕು. ಒಂದು ಕೂಡದಿದ್ದರೂ ಸಂಬಂಧ ಮುರಿಯುತ್ತದೆ. ಎಲ್ಲ ಕೂಡಿಬಂದ ಮೇಲೂ ಮಷಿನ್ನಿನ ಕಡೆ ಮೊದಲು ‘ರೀಡ್’ ಒತ್ತಿ ಕಾಯಿಸಿ, ಆಮೇಲೆ ಕಂಪ್ಯೂಟರಿನಿಂದ ಕಳಿಸಬೇಕು. ಹೆಣ್ಣಿನ ಕಡೆಯವರು ಬಾಗಿಲು ತೆರೆಯುವ ಮೊದಲೇ ದಿಬ್ಬಣ ನುಗ್ಗಬಾರದು.

ಇನ್ನು ದೋಷಪ್ರಕರಣ. ಕನ್ನಡ ಸಂಧಿಗಳು ಮೂರೆಂದು ಹೈಸ್ಕೂಲಿನಲ್ಲೇ ಕಲಿತಿದ್ದೇವೆ: ಲೋಪ, ಆಗಮ, ಆದೇಶ. ಸಿಎನ್‌ಸಿ ದೋಷಗಳೂ ಇವೇ ಮೂರು. ಇದನ್ನು ಈವರೆಗೆ ಯಾರೂ ಗಮನಿಸಿಲ್ಲವೆಂದು ನನ್ನ ನಮ್ರ ಅಹಂಕಾರ.

ಲೋಪಸಂಧಿಯಲ್ಲಿ ಲೋಪವಾಗುವುದು ಬಿಂದು. ನಮ್ಮ ವಿಎಂಸಿಯಲ್ಲಿ 50 ಎಂದು ಬರೆದು ಚುಕ್ಕಿ ಇಟ್ಟರೆ 50 ಮಿಲಿಮೀಟರ್. ಚುಕ್ಕಿ ಬಿಟ್ಟರೆ 50 ಮೈಕ್ರಾನ್, ಅಂದರೆ 0.05 ಮಿಲಿಮೀಟರ್. ಒಂದು ಪ್ಯಾರಾಮೀಟರ್ ತಿದ್ದಿದರೆ ಚುಕ್ಕಿಯಿಲ್ಲದ್ದನ್ನೂ ಮಿಲಿಮೀಟರೆಂದೇ ಓದುತ್ತದೆ. ಪಕ್ಕದ ಶೆಡ್ಡಿನಲ್ಲಿ ಹಾಗೆ ತಿದ್ದಿಕೊಂಡಿದ್ದಾರೆ, ನಾವು ತಿದ್ದಿಲ್ಲ. ಅಲ್ಲಿಂದ ನಮ್ಮಲ್ಲಿಗೆ ಬಂದ ಸೆಟ್ಟರ್ ಹುಡುಗ ಮೊದಲ ವಾರವೇ ಮೇಲ್ಮೈ ಹೊಡೆಯುವ ಪ್ರೋಗ್ರಾಮೊಂದನ್ನು ಮಷಿನ್ನಿನ ಮುಂದೆಯೇ ನಿಂತು ಬರೆದ. ಕಟ್ ಮುಗಿದ ಮೇಲೆ ಕಟರು 50 ಮಿಲಿಮೀಟರ್ ಮೇಲೆ ಹೋಗಲಿ, ಆಮೇಲೆ ಪಕ್ಕಕ್ಕೆ ಸರಿಯಲಿ ಎಂಬುದು ಅವನ ಅಭಿಪ್ರಾಯ. ಬರೆದದ್ದು ‘ಝಡ್ 50’. ಕಟರು ಶಿಸ್ತಿನಿಂದ ಕೂದಲೆಳೆಯಷ್ಟು ಮೇಲೆದ್ದಿತು. ಎದ್ದು, ನಿಮಿಷಕ್ಕೆ 24 ಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ನಾಲ್ವತ್ತು ಸೆಂಟಿಮೀಟರ್, ಪಕ್ಕಕ್ಕೆ ಹೊರಟಿತು. ಪಕ್ಕದಲ್ಲಿ ಕ್ಲಾಂಪಿನ ಬೋಲ್ಟು ಜಾಬಿಗಿಂತ ಎರಡು ಬೆರಳು ಎತ್ತರಕ್ಕೆ ನಿಂತಿತ್ತು. ಮೊದಲ ಪೀಸಿಗೆ ರ‍್ಯಾಪಿಡ್ಡನ್ನು ಶೇಕಡಾ 25ಕ್ಕೆ ಇಳಿಸಿ, ಸಿಂಗಲ್ ಬ್ಲಾಕ್ ಹಾಕಿ, ಎಮರ್ಜೆನ್ಸಿ ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡು ಓಡಿಸಬೇಕೆಂಬುದು ವಿಧಿ. ಅವನ ಅಂಗೈ ಆಗ ಮೊಬೈಲಿನ ಮೇಲಿತ್ತು.

ಆ ಸದ್ದನ್ನು ಬರೆಯಲು ಕನ್ನಡ ವರ್ಣಮಾಲೆ ಸಾಲದು. ನಾನು ಓಡಿಬಂದಾಗ ಕಟರಿನ ಇನ್ಸರ್ಟುಗಳು ಹಲ್ಲುದುರಿದ ಬಾಯಂತಿದ್ದವು, ಬೋಲ್ಟು ಸಾಷ್ಟಾಂಗ ಮಲಗಿತ್ತು. ಹುಡುಗ ಸೂತ್ರ ಪಠಿಸಿದ: ಏನೂ ಮುಟ್ಟಿಲ್ಲ ಸಾರ್. ಆ ಹೊತ್ತಿಗೆ ನನಗೆ ಮೈ ಉರಿಯಿತು. ಆದರೆ ಅವನು ಹೇಳಿದ್ದು ನಿಜ. ಚುಕ್ಕಿಯ ಗುಂಡಿಯನ್ನು ಅವನು ಮುಟ್ಟಿರಲಿಲ್ಲ.

ಆಗಮಸಂಧಿ ಸುಲಭ. ಚಕ್ಕಿನ ದವಡೆಗೂ ಜಾಬಿಗೂ ನಡುವೆ ಚಿಪ್ಸಿನ ಒಂದು ಚೂರು ಹೊಸದಾಗಿ ಬಂದು ಸೇರುವುದು. ಜಾಬು ಓರೆಯಾಗುತ್ತದೆ, ಗ್ರಾಹಕರು ಫೋನ್ ಮಾಡುತ್ತಾರೆ. ಇಲ್ಲಿ ಮುಟ್ಟದೆ ಬಿಟ್ಟದ್ದು ಏರ್ ಗನ್.

ಆದೇಶಸಂಧಿ ಒಂದರ ಜಾಗದಲ್ಲಿ ಇನ್ನೊಂದು ಬರುವುದು. ಟರ್ನಿಂಗಿನಲ್ಲಿ ಒಂದು ಟೂಲಿನ ವೇರ್ ಆಫ್‌ಸೆಟ್, ಎಂದರೆ ಸವೆತದ ತಿದ್ದುಪಡಿ, ಮೈನಸ್ 0.180 ಇತ್ತೆನ್ನಿ. ಡಯಾಮೀಟರ್ ಎರಡು ಸೆಂಟೆ, ಅಂದರೆ 0.02, ದಪ್ಪ ಬರುತ್ತಿದೆ, ಇನ್ನೂ 0.020 ಇಳಿಸಬೇಕು. ಮೈನಸ್ 0.020 ಎಂದು ಟೈಪ್ ಮಾಡಿ ‘ಪ್ಲಸ್ ಇನ್‌ಪುಟ್’ ಒತ್ತಿದರೆ ಹಳೆಯದಕ್ಕೆ ಕೂಡಿ ಮೈನಸ್ 0.200 ಆಗುತ್ತದೆ. ಅದರ ಪಕ್ಕದ ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯದು ಅಳಿಸಿಹೋಗಿ ಮೈನಸ್ 0.020 ಮಾತ್ರ ಉಳಿಯುತ್ತದೆ. ಎರಡು ಸೆಂಟೆ ದಪ್ಪವಿದ್ದದ್ದು ಹದಿನೆಂಟು ಸೆಂಟೆ ದಪ್ಪವಾಯಿತು. ಕೂಡುವ ಗುಂಡಿಗೂ ಅಳಿಸಿ ಬರೆಯುವ ಗುಂಡಿಗೂ ನಡುವೆ ಒಂದು ಬೆರಳಿನ ಅಂತರವಿಟ್ಟವರು ಯಾರೋ, ಅವರು ಖಂಡಿತ ನೈಟ್ ಶಿಫ್ಟ್ ಮಾಡಿದವರಲ್ಲ.

ದೋಷ ತಿಳಿಯುವುದು ಹೇಗೆಂಬುದು ಪ್ರಮಾಣಪ್ರಕರಣ. ಪ್ರತ್ಯಕ್ಷಕ್ಕೆ ಹಲ್ಲಿ ಉದಾಹರಣೆ: ಪ್ಯಾನಲ್ ತೆರೆದಾಗ ಕಾಂಟ್ಯಾಕ್ಟರಿನ ಮೇಲೆ ಕರಕಲಾಗಿ ಅಂಟಿಕೊಂಡಿರುತ್ತದೆ. ಅದು ಒಳಗೆ ಬಂದದ್ದು ಹೇಗೆಂದರೆ, ಪ್ಯಾನಲ್ಲಿನ ಎಸಿ ಕೆಟ್ಟಾಗ ರಿಪೇರಿಗೆ ದುಡ್ಡೇಕೆಂದು ಬಾಗಿಲು ತೆರೆದು ಟೇಬಲ್ ಫ್ಯಾನ್ ಇಟ್ಟಿದ್ದೆವು. ಉಪಮಾನವೆಂದರೆ ಟೀ ಅಂಗಡಿಯಲ್ಲಿ ಸಿಗುವ ಜ್ಞಾನ. ‘ನಮ್ದೂ ಹಿಂಗೇ ಆಗಿತ್ತು, ಕಾರ್ಡ್ ಹೋಗಿರ್ತದೆ ಬಿಡಿ’ ಎನ್ನುವವರ ಮಾತು ಕೇಳಿ ಕಾರ್ಡು ಬದಲಿಸಿ ಕೈಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದನ್ನು, 4 ಎಂಎಂ ಅಲೆನ್ ಕೀ ಹುಡುಕಿದವರಿಗೆ ವಿವರಿಸಬೇಕಾಗಿಲ್ಲ.

ಶಬ್ದಪ್ರಮಾಣದಲ್ಲಿ ಶಾಸ್ತ್ರಕಾರರಿಗೂ ನಮಗೂ ಭೇದವಿದೆ. ಅವರಿಗೆ ಶಬ್ದವೆಂದರೆ ಆಪ್ತರ ಮಾತು, ನಮಗೆ ನಿಜವಾಗಿಯೂ ಶಬ್ದ. ನಮ್ಮಲ್ಲೊಬ್ಬ ಹಿರಿಯ ಆಪರೇಟರ್ ಇದ್ದಾರೆ, ಲೇತ್ ಕಾಲದವರು. ಗೇಟಿನಾಚೆ ಬೈಟು ಟೀ ಹಿಡಿದು ನಿಂತವರು ಮಾತಿನ ನಡುವೆ ತಲೆ ವಾರೆ ಮಾಡಿ, ‘ಫಿನಿಶಿಂಗ್ ಇನ್ಸರ್ಟ್ ಹೋಯ್ತು, ನಿಲ್ಸಕ್ಕೇಳು’ ಅನ್ನುತ್ತಾರೆ. ಒಳಗೆ ಹೋಗಿ ನೋಡಿದರೆ ತುದಿ ಉದುರಿರುತ್ತದೆ. ಮಾನಿಟರಿನಲ್ಲಿ ಅಲಾರಂ ಇಲ್ಲ, ಲೋಡ್ ಮೀಟರಿನಲ್ಲಿ ಏರಿಕೆ ಇಲ್ಲ. ಹೇಗೆ ತಿಳಿಯಿತು ಎಂದು ಕೇಳಿದರೆ, ‘ಸೌಂಡ್ ಕೇಳ್ಲಿಲ್ವಾ?’ ಎಂದು ನಮ್ಮನ್ನೇ ಕನಿಕರದಿಂದ ನೋಡುತ್ತಾರೆ.

ಅರ್ಥಾಪತ್ತಿ ನನಗೆ ಅತ್ಯಂತ ಪ್ರಿಯ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಅದರ ಹಳೆಯ ಉದಾಹರಣೆ. ಆಫ್‌ಸೆಟ್ ಹಗಲು ಬದಲಾಗಿಲ್ಲ, ಬೆಳಿಗ್ಗೆ ನೋಡಿದರೆ ಬೇರೆಯಿದೆ. ದೇವದತ್ತ ನೈಟ್ ಶಿಫ್ಟಿನವನು. ಆದರೆ ಪೀಣ್ಯದಲ್ಲಿ ಇದಕ್ಕೊಂದು ವಿಶೇಷಾರ್ಥವುಂಟು. ಏಪ್ರಿಲಿನಲ್ಲಿ ವಿಎಂಸಿ ಗೊತ್ತುಗುರಿಯಿಲ್ಲದೆ ನಿಲ್ಲತೊಡಗಿತು. ಒಂದು ದಿನ ಸರ್ವೋ ಅಲಾರಂ, ಇನ್ನೊಂದು ದಿನ ಪ್ರೋಗ್ರಾಮಿನ ನಡುವೆ ಕಸದ ಅಕ್ಷರಗಳು. ಬಂದ ಸರ್ವಿಸ್ ಇಂಜಿನಿಯರ್ ಆಫ್ ಮಾಡಿ ಆನ್ ಮಾಡಿ ವಿಸಿಟ್ ಚಾರ್ಜಿನ ಬಿಲ್ ಕೊಟ್ಟರು. ಕೊನೆಗೆ ಎಲೆಕ್ಟ್ರಿಷಿಯನ್ ಶೆಡ್ಡಿನ ಹಿಂದಿನ ಅರ್ಥ್ ಗುಂಡಿಯ ಮುಚ್ಚಳ ತೆಗೆದು ನೋಡಿದ. ಇದ್ದಿಲು, ಉಪ್ಪು ಎಲ್ಲ ಒಣಗಿ ಮಣ್ಣು ಬಿರುಕು ಬಿಟ್ಟಿತ್ತು. ನಾಲ್ಕು ಬಿಂದಿಗೆ ನೀರು ಹೊಯ್ದ ಮೇಲೆ ಅಲಾರಂ ಬರಲಿಲ್ಲ. ಇದು ಅರ್ಥ್ ಆಪತ್ತಿ.

ಈಗ ಸಿದ್ಧಾಂತ. ಸೂತ್ರ ಶುದ್ಧ ಸುಳ್ಳು ಎಂಬುದು ಪೂರ್ವಪಕ್ಷ. ಅದರ ಪ್ರಧಾನ ಆಚಾರ್ಯ ನನ್ನ ಅಣ್ಣ. ‘ಮುಟ್ಟದೆ ಹೆಂಗೋ ಕೆಡ್ತದೆ?’ ಎಂಬುದು ಅವನ ತರ್ಕ. ಅದಕ್ಕಾಗಿಯೇ ಸಿಸಿಟಿವಿ ಹಾಕಿಸಿದ. ಇದನ್ನು ಖಂಡಿಸುತ್ತೇನೆ. ಸೂತ್ರ ಅಕ್ಷರಶಃ ಸತ್ಯ, ರೋಗವೂ ಅದೇ. ಯಾರೂ ಮುಟ್ಟದೆ ಇದ್ದುದರಿಂದ ಲ್ಯೂಬ್ ಟ್ಯಾಂಕ್ ಖಾಲಿಯಾಗಿ ಮಷಿನ್ ನಿಂತಿದೆ. ಯಾರೂ ಮುಟ್ಟದ ಭಾನುವಾರದಲ್ಲಿ ಕೂಲಂಟಿನಲ್ಲಿ ಕ್ರಿಮಿಗಳು ಬೆಳೆದು, ಸೋಮವಾರ ಬೆಳಿಗ್ಗೆ ಶಟರ್ ಎತ್ತಿದರೆ ಕೊಳೆತ ಮೊಟ್ಟೆಯ ನಾತ. ಶೀಟಿನ ಚಾವಣಿಯ ಕೆಳಗೆ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರಿದರೆ 300 ಮಿಲಿಮೀಟರಿನ ಉಕ್ಕಿನ ಶಾಫ್ಟು ಹೆಚ್ಚುಕಡಿಮೆ 35 ಮೈಕ್ರಾನ್ ಬೆಳೆಯುತ್ತದೆ; ಅದನ್ನು ಮುಟ್ಟಿದ್ದು ಬಿಸಿಲು. ಸಿಸಿಟಿವಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮೂರು ತಿಂಗಳ ಫೂಟೇಜು ನೋಡಿ ಅಣ್ಣ ಕಂಡುಕೊಂಡದ್ದು, ನಾನು ಮಧ್ಯಾಹ್ನ ಊಟದ ಮೇಲೆ ನಿದ್ದೆ ಮಾಡುತ್ತೇನೆಂಬುದನ್ನು.

ಪೂರ್ವಪಕ್ಷ ಕುಸಿದ ಬಗೆಯನ್ನು ಹೇಳಿ ಮುಗಿಸುತ್ತೇನೆ. ವಿಎಂಸಿಯ ಪರದೆಯ ಕೆಳಗೆ ‘ಬ್ಯಾಟ್’ ಎಂದು ಮಿನುಗತೊಡಗಿ ಎರಡು ತಿಂಗಳಾಗಿತ್ತು. ಐಪಿಎಲ್ ಕಾಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರೆಂಟ್ ಹೋದಾಗಲೂ ಮೂರು ಆಕ್ಸಿಸ್ ತಮ್ಮ ಜಾಗವನ್ನು ನೆನಪಿಟ್ಟುಕೊಳ್ಳುವುದು ಒಂದು ಪುಟ್ಟ ಡಬ್ಬಿಯಲ್ಲಿರುವ ನಾಲ್ಕು ದಪ್ಪ ಸೆಲ್ಲುಗಳ ಬಲದಿಂದ. ಹಳೇ ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಅಂಥವು. ಒಂದು ಭಾನುವಾರ ಅಣ್ಣ ತಾನೇ ಸೆಲ್ ತಂದ. ಕರೆಂಟಿನ ಕೆಲಸಕ್ಕೆ ಮೊದಲು ಮೇನ್ ಆಫ್ ಮಾಡಬೇಕೆಂದು ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು, ಹಾಗೇ ಮಾಡಿದ. ಹಳೇ ಸೆಲ್ ತೆಗೆದ, ಹೊಸದು ಹಾಕಿದ, ಮೇನ್ ಆನ್ ಮಾಡಿದ. ಮೂರೂ ಆಕ್ಸಿಸ್‌ಗಳಿಗೆ ತಾವೆಲ್ಲಿದ್ದೇವೆಂಬುದು ಮರೆತುಹೋಗಿತ್ತು. ಮತ್ತೆ ಡಯಲ್ ಇಟ್ಟು ಝೀರೋ ಕೂರಿಸಲು ಎರಡು ದಿನ ಹಿಡಿಯಿತು.

ಅಣ್ಣ ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. “ಏನೂ ಮುಟ್ಟಿಲ್ಲ ಸಾರ್,” ಅಂದ. “ಬರೀ ಸೆಲ್ ಬದ್ಲಾಯಿಸಿದ್ದು.”

ಓದುಗರಲ್ಲಿ ಮಷಿನ್ ಇಟ್ಟವರಿದ್ದರೆ ಒಂದು ಮಾತು. ಸೆಲ್ಲನ್ನು ವರ್ಷಕ್ಕೊಮ್ಮೆ ಬದಲಿಸಿ, ತಾರೀಖನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಬದಲಿಸುವಾಗ ಎಮರ್ಜೆನ್ಸಿ ಒತ್ತಿರಲಿ, ಮೇನ್ ಆನ್ ಇರಲಿ. ಪ್ಯಾನಲ್ಲಿನೊಳಗೆ ಕರೆಂಟಿರುತ್ತದೆ, ಕೆಲಸ ಗೊತ್ತಿದ್ದವರೇ ಕೈಹಾಕಲಿ.