ತೊಟ್ಟಿಲಿನ ಶೂನ್ಯಸಂಪಾದನೆ: ಒಂದು ಸಂಶೋಧನಾ ಪ್ರಬಂಧ

ಪೀಠಿಕೆ

‘ಕೂಸು ಹುಟ್ಟುವ ಮೊದಲೇ ಕುಲಾವಿ’ ಎಂಬ ಸೂತ್ರವನ್ನು ಕನ್ನಡ ವಿದ್ವಾಂಸರು ಇದುವರೆಗೆ ಬರೀ ಗಾದೆಯೆಂದು ತಿಳಿದು ಕಡೆಗಣಿಸಿದ್ದಾರೆ. ಅವಸರಗೇಡಿಗಳನ್ನು ಆಡಿಕೊಳ್ಳುವ ಮಾತು ಎಂದಷ್ಟೇ ಅದಕ್ಕೆ ಅರ್ಥ ಹೇಳಿ ಕೈತೊಳೆದುಕೊಂಡಿದ್ದಾರೆ. ಪ್ರಕೃತ ಪ್ರಬಂಧಕಾರನ ಮತದಲ್ಲಿ ಇದು ಅಪ್ಪಟ ಅರ್ಥಶಾಸ್ತ್ರದ ಸೂತ್ರ. ಮಗುವಿನ ಸರಕು ಮಾರಾಟವಾಗಲು ಮಗುವೇ ಬೇಕಾಗಿಲ್ಲ ಎಂಬ ಸತ್ಯವನ್ನು ನಮ್ಮ ಹಿರಿಯರು ನಾಲ್ಕೇ ಪದಗಳಲ್ಲಿ ಅಡಗಿಸಿಟ್ಟಿದ್ದಾರೆ. ಸಾಕ್ಷ್ಯ ಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ಮನೆಯಲ್ಲಿ ಹೆರಿಗೆಗೆ ಆರು ವಾರ ಬಾಕಿ ಇರುವಾಗಲೇ 11 ಕುಲಾವಿಗಳಿದ್ದವು. ಕೂಸಿಗೆ ತಲೆ ಒಂದೇ ಎಂಬುದು ಅಷ್ಟರಲ್ಲಿ ಸ್ಕ್ಯಾನಿಂಗ್‌ನಲ್ಲಿ ಖಚಿತವಾಗಿತ್ತು.

ಹಸುಗೂಸು ಮಲಗುವ ಜಾಗದಲ್ಲಿ ಏನೇನಿರಬೇಕು ಎಂಬುದೇ ಈ ಪ್ರಬಂಧ ಎತ್ತಿಕೊಂಡ ಪ್ರಶ್ನೆ. ಮೂರು ತಿಂಗಳ ಅಧ್ಯಯನದ ಕೊನೆಗೆ ಪ್ರಶ್ನೆಯೇ ತಪ್ಪಾಗಿತ್ತೆಂದು ತಿಳಿದುಬಂದದ್ದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಆಕರ ಮತ್ತು ವಿಧಾನ

ಅಧ್ಯಯನದ ಮಾದರಿ: ಒಂದು ಹೆಣ್ಣು ಕೂಸು, ಹುಟ್ಟಿದಾಗಿನ ತೂಕ 2 ಕಿಲೋ 900 ಗ್ರಾಂ. ಕ್ಷೇತ್ರ: ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕ್ಷೇತ್ರಕಾರ್ಯದ ವೇಳೆ: ರಾತ್ರಿ ಒಂದರಿಂದ ನಾಲ್ಕು. ವೇಳೆಯನ್ನು ಮಾದರಿಯೇ ನಿಗದಿ ಮಾಡಿತು.

ಮೌಖಿಕ ಆಕರಗಳಲ್ಲಿ ಎರಡು ಪಾಠಗಳು ಲಭ್ಯ. ಮೊದಲನೆಯದು ಮೈಸೂರು ಪಾಠ, ಅಂದರೆ ನನ್ನ ಅಮ್ಮ. ಎರಡನೆಯದು ಧಾರವಾಡ ಪಾಠ, ಅಂದರೆ ಬಾಣಂತನಕ್ಕೆಂದು ಬಂದ ನನ್ನ ಅತ್ತೆ. ಇವರು ಬರುವಾಗ ಜೊತೆಗೆ ಕಲಘಟಗಿಯ ತೊಟ್ಟಿಲನ್ನೂ ತಂದರು. ಸಾಗವಾನಿ ಮರ, ಅರಗಿನ ಬಣ್ಣ, ಮೈತುಂಬ ರಾಮಾಯಣದ ಚಿತ್ರ. ನನ್ನ ಹೆಂಡತಿ ಅದರಲ್ಲೇ ಮಲಗಿ ಬೆಳೆದವಳು. ಹನುಮಂತನ ಬಾಲದ ಕೆಂಪು ಇನ್ನೂ ಮಾಸಿಲ್ಲ. ಎರಡೂ ಪಾಠಗಳು ಸಾರಿನ ಹುಳಿಯಿಂದ ಹಿಡಿದು ಎಣ್ಣೆ ನೀರಿನ ದಿನದವರೆಗೆ ಎಲ್ಲದರಲ್ಲೂ ಭಿನ್ನ. ಒಂದು ವಿಷಯದಲ್ಲಿ ಮಾತ್ರ ಸಂಪೂರ್ಣ ಏಕಾಭಿಪ್ರಾಯ: ಕೂಸಿನಪ್ಪನಿಗೆ ಏನೂ ತಿಳಿಯದು.

ಲಿಖಿತ ಆಕರಗಳಲ್ಲಿ, ಕೂಸಿನ ಸುರಕ್ಷಿತ ನಿದ್ದೆಯ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಗಳು ಮುಖ್ಯ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು ಹೇಳಿದ್ದೂ ಅದನ್ನೇ.

ವಸ್ತುಗಳ ವರ್ಗೀಕರಣ

ನಾಮಕರಣದ ದಿನ ತೊಟ್ಟಿಲಿನೊಳಗೆ ಸೇರಿದ ವಸ್ತುಗಳನ್ನು ಪ್ರಬಂಧಕಾರ ಎಣಿಸಿದ. ತಲೆ ದುಂಡಗಾಗಲು ಸಾಸಿವೆ ದಿಂಬು. ಮಗು ಹೊರಳದಂತೆ ಆಚೀಚೆ ಎರಡು ಪುಟ್ಟ ಲೋಡು. ಅತ್ತೆ ತಮ್ಮ ಹಳೇ ಇಳಕಲ್ ಸೀರೆಗಳನ್ನು ಕತ್ತರಿಸಿ ಹೊಲಿದ ಕೌದಿ. ಹೆಂಡತಿಯ ಆಫೀಸಿನವರು ಕೊಟ್ಟ, ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತನೆ ಬಂಪರ್. ಕೂಸಿಗಿಂತ ಅರ್ಧ ಕಿಲೋ ಹೆಚ್ಚು ತೂಗುವ ಕರಡಿ ಬೊಂಬೆ. ಕೊರಳಿಗೆ ಬಜೆಯ ಸರ. ಬೆಚ್ಚಿ ಬೀಳದಿರಲಿ ಎಂದು ದಿಂಬಿನಡಿಯಲ್ಲಿ ಅಡಕತ್ತರಿ. ತಲೆಯ ಮೇಲೆ ಕುಲಾವಿ. ಇವೆಲ್ಲದರ ನಡುವೆ, ಮುಹೂರ್ತ ಮೀರುತ್ತಿದೆ ಎಂದು ಯಾರೋ ನೆನಪಿಸಿದ ಮೇಲೆ, ಕೂಸು.

ತೊಟ್ಟಿಲ ಹೊರಗಿನ ಸರಕನ್ನು ನಾಲ್ಕು ಕುಲಗಳಾಗಿ ವಿಂಗಡಿಸಬಹುದು.

ಒಂದು, ಓರೆ ಕುಲ. ಮಗುವನ್ನು ಅರ್ಧ ಒರಗಿಸಿ ಮಲಗಿಸುವ ಬೌನ್ಸರು, ಸ್ವಿಂಗು ಇತ್ಯಾದಿ. ಉಡುಗೊರೆಯಾಗಿ ಬಂದ ಒಂದರ ಓರೆಯನ್ನು ಪ್ರಬಂಧಕಾರ ಮೊಬೈಲಿನಲ್ಲಿ ಅಳೆದಾಗ 27 ಡಿಗ್ರಿ ಬಂತು. ಕೂಸು ನಿದ್ದೆ ಮಾಡುವ ಜಾಗ 10 ಡಿಗ್ರಿಗಿಂತ ಹೆಚ್ಚು ಓರೆಯಾಗಿರಕೂಡದು. ಹಸುಗೂಸಿನ ತಲೆ ಭಾರ, ಕುತ್ತಿಗೆ ಬಾಳೆದಂಟು. ಒರಗಿಸಿದರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಅದೂ ಸದ್ದಿಲ್ಲದೆ. ಸೀರೆಯ ಜೋಲಿಯಲ್ಲಿ ಕೂಸು ಬಿಲ್ಲಿನಂತೆ ಬಾಗುವುದರಿಂದ ಅದೂ ಈ ಕುಲದ್ದೇ. ಎಚ್ಚರವಿದ್ದಾಗ, ಕಣ್ಣೆದುರು ತೂಗಲು ಮಾತ್ರ ಲಾಯಕ್ಕು.

ಎರಡು, ಪ್ರಯಾಣ ಕುಲ. ಕಾರ್ ಸೀಟು ಕಾರಿನಲ್ಲಿ ಬೇಕೇ ಬೇಕು, ಅದೂ ಹಿಂದಿನ ಸೀಟಿನಲ್ಲಿ, ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ತಿರುಗಿರುವಂತೆ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನವರನ್ನು ಬೆಲ್ಟಿಲ್ಲದೆ, ಮಕ್ಕಳ ಸೀಟೂ ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ‘ಅಜ್ಜಿಯ ತೊಡೆ’ ಎಂಬ ಸಾಧನವನ್ನು ಕಾಯ್ದೆ ಗುರುತಿಸಿಲ್ಲ. ಆದರೆ ಮನೆ ತಲುಪಿದ ಮೇಲೆ ‘ಪಾಪ, ಮಲಗಿದೆ’ ಎಂದು ಕೂಸನ್ನು ಅದೇ ಸೀಟಿನಲ್ಲಿ ಬಿಟ್ಟರೆ ಅದು ಕೂಡಲೇ ಓರೆ ಕುಲಕ್ಕೆ ಜಾರುತ್ತದೆ. ಇದೇ ಕುಲದ ತಳ್ಳುಗಾಡಿಗೆ ನಮ್ಮ ಬೀದಿಯ ಫುಟ್‌ಪಾತ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಎದುರಾಗಿ ಸಂಶೋಧನೆ ಅಲ್ಲಿಗೇ ನಿಂತಿತು. ಸದ್ಯ ಅದು ಗೇಟಿನಿಂದ ಲಿಫ್ಟಿನವರೆಗೆ 20 ಲೀಟರಿನ ನೀರಿನ ಕ್ಯಾನನ್ನು ಹೊರುತ್ತಿದೆ. ಕ್ಯಾನಿಗೆ ಬೆಲ್ಟನ್ನೂ ಹಾಕಲಾಗುತ್ತದೆ.

ಮೂರು, ನಡಿಗೆ ಕುಲ. ಚಕ್ರದ ವಾಕರನ್ನು ಕೆನಡಾ ದೇಶ 2004ರಲ್ಲೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳುವುದೇ ಮುಖ್ಯ ಕಾರಣ. ಅದರಿಂದ ನಡಿಗೆಯೂ ಬೇಗ ಬರುವುದಿಲ್ಲ. ಆದರೂ ನಮ್ಮ ಮನೆಗೆ ಎರಡು ಬಂದಿವೆ. ಕೂಸಿಗಿನ್ನೂ ಕತ್ತು ನಿಂತಿಲ್ಲ.

ನಾಲ್ಕು, ಅಂಜಿಕೆ ಕುಲ. ಇಲ್ಲಿ ಎರಡನೇ ಸೂತ್ರ ಅನ್ವಯ: ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು. ಸೂತ್ರದ ಹೊಸ ಪಾಠಾಂತರದಲ್ಲಿ ಚಿವುಟುವುದು ಮಗುವನ್ನಲ್ಲ, ಅಪ್ಪ ಅಮ್ಮನನ್ನು. ‘ನಿಮ್ಮ ಮಗು ಈಗ ಉಸಿರಾಡುತ್ತಿದೆಯೇ?’ ಎಂದು ನಡುರಾತ್ರಿ ಮೊಬೈಲು ಕೇಳುತ್ತದೆ. ಕೆಳಗೇ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಅಳೆಯುವ ಕಾಲುಚೀಲ, ಕಂತಿನ ಸೌಲಭ್ಯ ಸಮೇತ. ಕೂಸು ನಿದ್ದೆಯಲ್ಲೇ ತೀರಿಕೊಳ್ಳುವುದನ್ನು ತಡೆಯಲು ಇಂಥ ಯಂತ್ರಗಳನ್ನು ನೆಚ್ಚಬೇಡಿ ಎಂದು ಆ ಅಕಾಡೆಮಿಯೇ ಹೇಳಿದೆ. ಪ್ರಬಂಧಕಾರ ಇದನ್ನು ಓದಿದ್ದು ಕಾಲುಚೀಲ ತರಿಸಿಕೊಂಡ ಮೇಲೆ.

ಪೂರ್ವಪಕ್ಷ

ತೊಟ್ಟಿಲನ್ನು ಖಾಲಿ ಮಾಡಿ ಕೂಸನ್ನು ಅಂಗಾತ ಮಲಗಿಸಬೇಕೆಂದು ಪ್ರಬಂಧಕಾರ ಮಂಡಿಸಿದಾಗ ಮೂರು ಆಕ್ಷೇಪಗಳು ಬಂದವು.

ಮೊದಲನೆಯದು ಮೈಸೂರು ಪಾಠದ್ದು. “ಅಂಗಾತ ಮಲಗಿಸಿದ್ರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೊಳಲ್ವೇನೋ? ಮಗ್ಗುಲಾಗಿ ಮಲಗ್ಸಿ ಎರಡೂ ಕಡೆ ದಿಂಬು ಕೊಡು.” ಸಮಾಧಾನ: ಅಂಗಾತ ಮಲಗಿದ ಕೂಸಿನ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಕೆಳಗಿನ ನಾಳಕ್ಕೇ ಮರಳುತ್ತದೆ. ಬೋರಲು ಮಾಡಿದರೆ ನಾಳಗಳೂ ಅದಲು ಬದಲು. ಮಗ್ಗುಲಾದ ಕೂಸು ಬೋರಲಾಗಲು ಒಂದು ಹೊರಳು ಸಾಕು. ಇದನ್ನು ವಿವರಿಸಲು ಅಡುಗೆಮನೆಯ ಎರಡು ಲಾಳಿಕೆಗಳನ್ನು ಬಳಸಲಾಯಿತು. ಅಮ್ಮ ಪೂರ್ತಿ ನೋಡಿ, “ಸರಿ, ಲಾಳಿಕೆ ತೊಳೆದಿಡು” ಎಂದಳು.

ಎರಡನೆಯದು ಧಾರವಾಡ ಪಾಠದ್ದು. “ಏನ್ರೀ ಅಳಿಯಾರ, ದಿಂಬ ಇಲ್ಲದ ಮಲಗಿಸಿದ್ರ ಕೂಸಿನ ತಲಿ ಹಲಗಿ ಆಗೂದಿಲ್ಲೇನು?” ಈ ಆಕ್ಷೇಪದಲ್ಲಿ ಹುರುಳಿದೆ. ಯಾವಾಗಲೂ ಅಂಗಾತ ಮಲಗಿದರೆ ತಲೆಯ ಹಿಂಭಾಗ ತುಸು ಚಪ್ಪಟೆಯಾಗುವುದುಂಟು. ಮದ್ದು ಸಾಸಿವೆಯಲ್ಲಿಲ್ಲ. ಎಚ್ಚರವಿರುವಾಗ, ನಾವು ಎದುರಿಗೆ ಕೂತಿರುವಾಗ, ದಿನಕ್ಕೆ ಹಲವು ಸಲ ಬೋರಲು ಹಾಕಬೇಕು. ಮಲಗಿಸುವಾಗ ತಲೆ ಇರುವ ದಿಕ್ಕನ್ನು ಬದಲಿಸುತ್ತಿರಬೇಕು. ದಿಂಬಿನ ಸಾಸಿವೆ ಮುಂದೆ ಒಗ್ಗರಣೆಗೆ ಬಳಕೆಯಾಯಿತು.

ಮೂರನೆಯದು ಎರಡೂ ಪಾಠಗಳಲ್ಲಿ ಅಕ್ಷರಶಃ ಒಂದೇ: ‘ನಾವೆಲ್ಲ ಹಿಂಗೇ ಬೆಳೀಲಿಲ್ವಾ?’ ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಕೇಳುವವರು ಬೆಳೆದು ಎದುರಿಗೇ ನಿಂತಿರುತ್ತಾರೆ.

ಒಂದು ಗ್ರಂಥಪಾತ

ತಾಳೆಗರಿಯ ಪ್ರತಿಯಲ್ಲಿ ಗರಿ ಕಳೆದುಹೋಗಿ ಪಾಠ ಬಿಟ್ಟುಹೋದರೆ ಸಂಪಾದಕರು ಅದನ್ನು ಗ್ರಂಥಪಾತ ಎನ್ನುತ್ತಾರೆ. ಮೌಖಿಕ ಆಕರದಲ್ಲೂ ಅದು ಸಂಭವಿಸುತ್ತದೆಂದು ಪ್ರಬಂಧಕಾರನಿಗೆ ತಿಳಿದದ್ದು ಒಂದು ಮಧ್ಯಾಹ್ನ. ಅಮ್ಮ ಮತ್ತು ಅತ್ತೆ ಕೂತು ಒಣಗಿದ ಲಂಗೋಟಿಗಳನ್ನು ಮಡಚುತ್ತಿದ್ದರು.

“ನಿಮ್ಮವ್ವ ಎಷ್ಟ ಹಡದಿದ್ರು?” ಎಂದು ಅತ್ತೆ ಕೇಳಿದರು.

“ಏಳು.”

“ಐದ ಮಂದಿ ಅಂದಿದ್ರೆಲ್ರೀ?”

“ಇನ್ನೆರಡಕ್ಕೆ ಹೆಸರಿಟ್ಟಿರಲಿಲ್ಲ” ಎಂದು ಅಮ್ಮ ಮುಂದಿನ ಲಂಗೋಟಿ ಎತ್ತಿಕೊಂಡಳು.

ಅತ್ತೆ ಮತ್ತೇನೂ ಕೇಳಲಿಲ್ಲ. ಅವರ ಲೆಕ್ಕದಲ್ಲೂ ಒಂದೆರಡು ಗರಿ ಇಲ್ಲದಿರಬಹುದು. ಆ ಎರಡು ಕೂಸುಗಳು ದಿಂಬಿನಿಂದ ಹೋದವು ಎನ್ನಲು ಆಧಾರವಿಲ್ಲ. ಜ್ವರವೋ ಭೇದಿಯೋ ಇರಬೇಕು. ಭಾರತದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕಿಳಿದಿತ್ತು. ‘ನಾವೆಲ್ಲ’ ಎಂಬ ಪದದೊಳಗೆ ಇಲ್ಲದವರು ಆಕ್ಷೇಪ ಎತ್ತಲು ಬರುವುದಿಲ್ಲ. ಈ ವಾದವನ್ನು ಅಮ್ಮನ ಮುಂದೆ ಮಂಡಿಸುವುದು ಪ್ರಬಂಧಕಾರನಿಗೆ ಸಾಧ್ಯವಾಗಲಿಲ್ಲ.

ಸಿದ್ಧಾಂತ

ಅಮೆರಿಕದ ವೈದ್ಯರು 1992ರಲ್ಲಿ ಕೂಸನ್ನು ಬೋರಲು ಮಲಗಿಸುವುದು ಬೇಡ ಎಂದರು. 1994ರಲ್ಲಿ ಅಂಗಾತ ಮಲಗಿಸಿ ಎಂದು ದೇಶದುದ್ದಕ್ಕೂ ಪ್ರಚಾರ ಶುರುವಾಯಿತು. ಕಾರಣ ತಿಳಿಯದೆ ನಿದ್ದೆಯಲ್ಲೇ ತೀರಿಕೊಳ್ಳುವ ಕೂಸುಗಳ ಪ್ರಮಾಣ ಹತ್ತು ವರ್ಷಗಳೊಳಗೆ ಸುಮಾರು ಅರ್ಧಕ್ಕಿಳಿಯಿತು. ಇದಕ್ಕಾಗಿ ಯಾರೂ ಏನನ್ನೂ ಕೊಳ್ಳಬೇಕಾಗಿ ಬರಲಿಲ್ಲ. ಕೂಸನ್ನು ತಿರುಗಿಸಿದರೆ ಸಾಕಿತ್ತು. ಕೊಂಡದ್ದರ ಕಥೆ ಬೇರೆ. ಅದೇ ದೇಶದಲ್ಲಿ 2019ರಲ್ಲಿ ಫಿಷರ್-ಪ್ರೈಸ್ ಕಂಪನಿ ಸುಮಾರು 47 ಲಕ್ಷ ಓರೆ ತೊಟ್ಟಿಲುಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಮಲಗಿದ್ದ 30ಕ್ಕೂ ಹೆಚ್ಚು ಕೂಸುಗಳು ಸತ್ತ ವರದಿಗಳಿದ್ದವು. 2022ರಲ್ಲಿ ಅಲ್ಲಿನ ಕಾನೂನು ಓರೆ ತೊಟ್ಟಿಲು, ಬಂಪರ್ ಎರಡನ್ನೂ ನಿಷೇಧಿಸಿತು.

ಹೀಗಾಗಿ ಸಿದ್ಧಾಂತ ಇಷ್ಟು. ಸಮತಟ್ಟಾದ, ಒತ್ತಿದರೆ ಕುಸಿಯದ ಹಾಸಿಗೆ. ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದೇ ಬಟ್ಟೆ. ಅಂಗಾತ ಕೂಸು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿರಬಾರದು. ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಇರಬಾರದು. ಕೊರಳಲ್ಲಿ ಸರವಿಲ್ಲ, ಕೈಗೆಟಕುವಂತೆ ದಾರವಿಲ್ಲ. ಸೊಳ್ಳೆ ಪರದೆ ಇರಲಿ, ಆದರೆ ಜೋತುಬೀಳದಂತೆ ಬಿಗಿಯಾಗಿ. ಕನಿಷ್ಠ ಆರು ತಿಂಗಳು ನಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ. ಸೋಫಾದ ಮೇಲೆ ಕೂಸನ್ನು ಎದೆಗವುಚಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯ. ಕಲಘಟಗಿ ತೊಟ್ಟಿಲು ಅಳತೆಯಲ್ಲಿ ಪಾಸಾಯಿತು. ರಾತ್ರಿ ತೂಗಾಡದಂತೆ ಕಟ್ಟಿಹಾಕಿ, ಕೂಸು ಹೊರಳಲು ಶುರುಮಾಡುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ.

ಬಯಲೇ ಕೊನೆಯ ನೆಲೆ ಎಂದು ಕನ್ನಡದ ಅನುಭಾವಿಗಳು ಸಾರಿದ ನಾಡಿನಲ್ಲಿ, ಎರಡೂವರೆ ಅಡಿಯ ತೊಟ್ಟಿಲನ್ನು ಬಯಲು ಮಾಡಲು ಪ್ರಬಂಧಕಾರನಿಗೆ ಒಂಬತ್ತು ವಾರ ಹಿಡಿಯಿತು. ರಾತ್ರಿ ಹೊತ್ತು ಒಂದೊಂದನ್ನೇ ತೆಗೆದ. ಕರಡಿ ಹೋಯಿತು, ಬಂಪರ್ ಹೋಯಿತು, ಲೋಡುಗಳು, ಅಡಕತ್ತರಿ, ಬಜೆಯ ಸರ, ಕೊನೆಗೆ ಕೌದಿಯೂ. ತೆಗೆದದ್ದನ್ನು ಎಲ್ಲಿಡುವುದು? ಎಲ್ಲವೂ ದೊಡ್ಡವರ ಮಂಚಕ್ಕೆ ಬಂದವು. ಸರಕು ನಾಶವಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಎಂಬುದು ಈ ಅಧ್ಯಯನದ ಉಪಫಲ. ಮನೆಯಲ್ಲೀಗ ಖಾಲಿ ಇರುವ ಹಾಸಿಗೆ ಕೂಸಿನದೊಂದೇ. ಪ್ರಬಂಧಕಾರ ಚಾಪೆಗೆ ಇಳಿದಿದ್ದಾನೆ.

ಉಳಿದ ಒಂದು ಸಮಸ್ಯೆ

ಇಷ್ಟಾಗಿಯೂ ಒಂದು ವಸ್ತು ತೊಟ್ಟಿಲಿನಿಂದ ಹೊರಬರಲಿಲ್ಲ. ಅದು ಮೊದಲನೇ ಸೂತ್ರದ ಕುಲಾವಿ. ಕೂಸು ಮೈಯ ಕಾವನ್ನು ಹೆಚ್ಚಾಗಿ ತಲೆಯಿಂದಲೇ ಬಿಟ್ಟುಕೊಡುತ್ತದೆ. ಮನೆಯೊಳಗೆ ಕುಲಾವಿ ಹಾಕಿ ಮಲಗಿಸಿದರೆ ಕಾವೇರುವ ಅಪಾಯ, ಮುಖದ ಮೇಲೆ ಜಾರುವ ಅಪಾಯ. ಅಂದರೆ ಹುಟ್ಟುವ ಮೊದಲಿರಲಿ, ಹುಟ್ಟಿದ ಮೇಲೂ ಮಲಗುವ ಕೂಸಿಗೆ ಕುಲಾವಿ ಬೇಡ. ಶಾಸ್ತ್ರ ಗಾದೆಯನ್ನೂ ಮೀರಿಸಿತ್ತು. ಇದನ್ನು ಅತ್ತೆಯ ಮುಂದೆ ನಾಲ್ಕು ಸಲ ಮಂಡಿಸಲಾಯಿತು. ನಾಲ್ಕು ಸಲವೂ ಅವರು, “ಹೌದೇನ್ರೀ?” ಎಂದು ಕುಲಾವಿಯ ದಾರವನ್ನು ಇನ್ನಷ್ಟು ಬಿಗಿದರು.

ಹತ್ತನೇ ವಾರದ ಒಂದು ರಾತ್ರಿ, ಮೂರು ಗಂಟೆ ಹತ್ತು ನಿಮಿಷ. ಚಾಪೆಯ ಮೇಲಿದ್ದ ಪ್ರಬಂಧಕಾರ ಅರ್ಧ ಕಣ್ಣು ತೆರೆದು ನೋಡಿದ. ಅತ್ತೆ ತೊಟ್ಟಿಲ ಬಳಿ ನಿಂತಿದ್ದರು. ಕೂಸಿನ ಕತ್ತಿನ ಹಿಂದೆ ಎರಡು ಬೆರಳಿಟ್ಟರು. ತೆಗೆದು ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಕುಲಾವಿಯ ಗಂಟು ಬಿಚ್ಚಿ, ತಲೆಯನ್ನು ಎತ್ತದೆಯೇ ಹಿಂದಕ್ಕೆ ಸರಿಸಿ ತೆಗೆದುಬಿಟ್ಟರು. ಕೂಸು ಮಿಸುಕಲಿಲ್ಲ.

“ಬೆವತಿತ್ತರೀ” ಎಂದರು, ನಾನು ಎಚ್ಚರವಿದ್ದದ್ದು ಅವರಿಗೆ ಮೊದಲೇ ಗೊತ್ತಿದ್ದಂತೆ.

ಕಾವು ನೋಡಲು ಕೈಕಾಲು ಮುಟ್ಟಿದರೆ ಸಾಲದು, ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಬೇಕು ಎಂದು ಲಿಖಿತ ಆಕರಗಳೂ ಹೇಳುತ್ತವೆ. ಈ ಪ್ರಬಂಧದಲ್ಲಿ ಅದನ್ನು ಪ್ರಸ್ತಾಪಿಸಬೇಕೆಂದು ಗುರುತು ಹಾಕಿಕೊಂಡಿದ್ದೆ. ಕೈ ಇಟ್ಟು ನೋಡಿರಲಿಲ್ಲ.

ಅತ್ತೆ ಮಂಚದ ರಾಶಿಯಿಂದ ಕೌದಿ ಎಳೆದು ನನ್ನ ಮೇಲೆ ಹಾಕಿ, “ನೆಲಾ ಥಂಡಿ ಇರ್ತದ” ಎಂದು ಹೋದರು. ಕೂಸಿನ ಅಳತೆಗೆ ಹೊಲಿದದ್ದು. ಎದೆಯಿಂದ ಹೊಟ್ಟೆಯವರೆಗೆ ಬಂತು.